ಬಟ್ಟೆಯಿಲ್ಲದ ಹಲ್ಲು

ಹೊಲಿಗೆ ಯಂತ್ರಕ್ಕೂ ಹಲ್ಲುಗಳಿವೆ.
ಸೂಜಿಯ ಕೆಳಗೆ, ಪಾದದಡಿ, ಉಕ್ಕಿನ ಎರಡು ಸಾಲು;
ಏರಿ ಆಚೆಗೆ, ಇಳಿದು ಈಚೆಗೆ,
ಬಟ್ಟೆಯನ್ನು ಚೂರುಚೂರೇ ಎಳೆದುಕೊಳ್ಳುತ್ತವೆ.
ಬಟ್ಟೆ ಮುಗಿದದ್ದು ಅವಕ್ಕೆ ತಿಳಿಯುವುದಿಲ್ಲ.
ಪೆಡಲ್ ಮೇಲೆ ಕಾಲಿರುವ ತನಕ
ಬರಿಗಾಳಿಯನ್ನೇ ಜಗಿಯುತ್ತಿರುತ್ತವೆ.

ಹನ್ನೊಂದು ವರ್ಷದಿಂದ ಕೌಲ್ ಬಜಾರಿನ ಈ ಮಾಳಿಗೆಯಲ್ಲಿ
ಜೀನ್ಸ್ ಪ್ಯಾಂಟಿನ ಹಿಂಜೇಬು ಹೊಲಿಯುವವಳು ನಾನು.
ಬಳ್ಳಾರಿಯ ಅರ್ಧ ಸೊಂಟಗಳು ನನಗೆ ಅಂಕಿಗಳಾಗಿ ಗೊತ್ತು,
ಇಪ್ಪತ್ತೆಂಟು, ಮೂವತ್ತು, ಮೂವತ್ನಾಲ್ಕು.
ನನ್ನದನ್ನು ಮಾತ್ರ ಅಳೆದಿಲ್ಲ.

ಎಡಕ್ಕೆ ನೂಲಿನ ಉಂಡೆ, ಬಲಕ್ಕೆ ಸ್ಟೀಲ್ ಡಬ್ಬಿ.
ಡಬ್ಬಿಯಲ್ಲಿ ಚೂಡಾ: ಮಂಡಕ್ಕಿ, ಪುಟಾಣಿ, ಶೇಂಗಾ,
ಹುರಿದ ಕರಿಬೇವು, ತಳದಲ್ಲಿ ಅರಿಶಿನದ ಪುಡಿ.
ಕರೆಂಟು ಹೋದರೆ ಕೈ ಡಬ್ಬಿಗೆ.
ಮೇಸ್ತ್ರಿ ಪೀರಾಸಾಬ್ ಬೈದರೆ ಡಬ್ಬಿಗೆ.
ಬೈಯದೆ ಹೋದರೂ ಡಬ್ಬಿಗೆ,
ಯಾಕೆ ಬೈಯಲಿಲ್ಲ ಅಂತ.
ತಂಗಿಗೆ ಫೋನು ಹಚ್ಚಿ, ಅವಳು ಎತ್ತದೆ,
ರಿಂಗು ಮುಗಿಯುವುದರೊಳಗೆ ಒಂದು ಹಿಡಿ ಮುಗಿದಿರುತ್ತಿತ್ತು.
ಹೊಟ್ಟೆ ತುಂಬಿದವರಿಗೆ ಹುಗ್ಗಿ ಮುಳ್ಳಂತೆ.
ಆ ಗಾದೆ ಕಟ್ಟಿದವರು ಚೂಡಾ ತಿಂದಿರಲಿಕ್ಕಿಲ್ಲ.

ಆ ದಿನ ಬೇಸಿಗೆಯ ಮಧ್ಯಾಹ್ನ.
ಗುಡ್ಡ ಕಾದ ಹೆಂಚಿನಂತೆ ಕಿಟಕಿಯಲ್ಲಿ ನಿಂತಿತ್ತು.
ಬುತ್ತಿ ಉಂಡು ಅರ್ಧ ಗಂಟೆ ಆಗಿರಲಿಲ್ಲ,
ಜೋಳದ ರೊಟ್ಟಿ ಎರಡು, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ.
ಕರೆಂಟು ಹೋಯಿತು.
ನಲವತ್ತು ಯಂತ್ರ ಒಟ್ಟಿಗೆ ಬಾಯಿ ಮುಚ್ಚಿದವು.
ಆ ಮೌನದಲ್ಲಿ ಒಂದೇ ಸದ್ದು: ಕರುಂ, ಕುರುಂ.
ಯಾರಿದು ಅಂತ ಸುತ್ತ ನೋಡಿದೆ.
ನಾನೇ.

ಪಕ್ಕದ ಖಾಜಾಬಿ ತಲೆಯೆತ್ತದೆ ಕೇಳಿದಳು:
"ಹಸಿವಾಗೇತೇನ ಹೊನ್ನೂರಮ್ಮಾ?"
ಬೈಗುಳವಲ್ಲ, ಕುಟುಕೂ ಅಲ್ಲ;
ನಳಕ್ಕೆ ನೀರು ಬಂದಿದೆಯಾ ಅಂತ ಕೇಳಿದ ಹಾಗೆ.

ಉತ್ತರಕ್ಕೆ ಬಾಯಿ ತೆರೆಯಲು ಹೋದರೆ ಬಾಯಿ ತುಂಬಿತ್ತು.
ಹೊಟ್ಟೆಯನ್ನು ಕೇಳಿದೆ. ರೊಟ್ಟಿಯ ಮೇಲೆ ತಲೆಯಿಟ್ಟು ಮಲಗಿತ್ತು.
ನಾಲಿಗೆಯನ್ನು ಕೇಳಿದೆ. ಯಾವಾಗಲೋ ಮರಗಟ್ಟಿತ್ತು.
ಕೊನೆಗೆ ಕೈಯನ್ನೇ ಕೇಳಿದೆ.
ಎಳೆಯಲು ಏನೂ ಇಲ್ಲವಲ್ಲ, ಏನು ಮಾಡಲಿ, ಅಂದಿತು ಕೈ.

ಬಿಟ್ಟುಬಿಟ್ಟೆ ಅನ್ನುವ ಕಥೆಯಲ್ಲ ಇದು.
ಮರುದಿನ ಡಬ್ಬಿ ಮನೆಯಲ್ಲಿಟ್ಟು ಬಂದು
ಖಾಜಾಬಿಯ ಚೀಲದಿಂದ ಅವಳ ಮಗನ ಬಿಸ್ಕತ್ತು ಕದ್ದೆ.
ಅದರ ಮರುದಿನ ಮೆಟ್ಟಿಲಿಳಿದು ಪೊಟ್ಟಣ ಕಟ್ಟಿಸಿಕೊಂಡೆ.
ಆಮೇಲೆ ಒಂದು ಸೋಮವಾರ
ಡಬ್ಬಿ ತೊಳೆದು, ಒರೆಸಿ,
ಪ್ಯಾಂಟಿನ ಹಿತ್ತಾಳೆ ಗುಂಡಿ ತುಂಬಿಟ್ಟೆ.

ಈಗಲೂ ಕರೆಂಟು ಹೋದರೆ ಕೈ ಹೋಗುತ್ತದೆ.
ಬೆರಳಿಗೆ ತಣ್ಣಗೆ ಗುಂಡಿ ತಾಗುತ್ತದೆ.
ಒಮ್ಮೆ ತುಟಿಯ ತನಕ ತಂದು ನಕ್ಕಿದ್ದೂ ಉಂಟು.
ಅಷ್ಟು ಹೊತ್ತು ಸಾಕು,
ಯಾಕೆ ಬಂದೆ ಅಂತ ಕೈಯನ್ನು ಕೇಳಲು.
ಕೆಲವು ಸಲ ಹೇಳುತ್ತದೆ, ತಂಗಿ ಫೋನೆತ್ತಲಿಲ್ಲ.
ಕೆಲವು ಸಲ ಏನೂ ಹೇಳದೆ
ಮಡಿಲಲ್ಲಿ ಬಂದು ಕೂರುತ್ತದೆ.

ಹಸಿವು ಬರುವುದು ಏಳು ಗಂಟೆಗೆ.
ಅದರ ದಾರಿಯೇ ಬೇರೆ:
ಪಕ್ಕೆಲುಬಿನ ಕೆಳಗಿಂದ, ಅವಸರವಿಲ್ಲದೆ,
ಹೆಸರು ಹೇಳಿಕೊಂಡೇ ಬರುತ್ತದೆ.
ಇಷ್ಟು ವರ್ಷ ಈ ನೆಂಟ ಬಂದಾಗಲೆಲ್ಲ
ಮನೆ ತುಂಬ ಬೇರೆ ಜನ ಕೂತಿರುತ್ತಿದ್ದರು,
ಹೊಸಿಲಿನಿಂದಲೇ ತಿರುಗಿ ಹೋಗಿರಬೇಕು.

ತಿಪ್ಪಣ್ಣನ ಗಾಡಿಯಲ್ಲಿ ಒಂದು ತಟ್ಟೆ ಒಗ್ಗರಣೆ,
ಒಂದೇ ಮೆಣಸಿನಕಾಯಿ ಬಜ್ಜಿ.
ನಿಂತಲ್ಲ, ಕಲ್ಲಿನ ಮೇಲೆ ಕೂತು.
ಮೊದಲು ಕಡಲೆಹಿಟ್ಟಿನ ಗರಿ, ಹಿಂದೆಯೇ ಅಜವಾನ,
ಆಮೇಲೆ ಮೆಣಸಿನ ಒಳಗಿನ ಉರಿ;
ಹಲ್ಲಿಗೆ ಸಿಕ್ಕ ಒಂದು ಬೀಜ.
ಮಂಡಕ್ಕಿಗೆ ಲಿಂಬೆ ಹಿಂಡುತ್ತಾನೆ ಅನ್ನುವುದು
ನನಗೆ ಮೊನ್ನೆ ಗೊತ್ತಾಯಿತು.

"ಇನ್ನೊಂದು ಹಾಕಲೇನವ್ವಾ? ಬಿಸಿ ಐತಿ."
ತಟ್ಟೆ ನೋಡುತ್ತೇನೆ.
"ತಡಿ ತಿಪ್ಪಣ್ಣಾ," ಅನ್ನುತ್ತೇನೆ,
"ಕೇಳಿ ಹೇಳ್ತೀನಿ."